ಕಾಲೇಜು ಕ್ಲಾಸಿನಲ್ಲಿ ಕೂರುವುದು ಹೇಗೆ, ಬಾಯಿ ಬಿಡುವುದು ಹೇಗೆ

ನಾನು ಶಿವಮೊಗ್ಗದ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಬಸ್ಸಿನವರೇ ಜಾಸ್ತಿ. ತೀರ್ಥಹಳ್ಳಿ ಕಡೆಯವರು, ಆಯನೂರು, ಕುಂಸಿ, ಹೊಳೆಹೊನ್ನೂರು, ಭದ್ರಾವತಿ. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದವರೇ. ಆದರೂ ಮೊದಲ ಸೆಮಿಸ್ಟರ್‌ನಲ್ಲಿ ಬಹಳ ಜನ ತಬ್ಬಿಬ್ಬಾಗುತ್ತಾರೆ. ಸಿಲಬಸ್ ಕಷ್ಟ ಅಂತ ದೂರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕ್ಲಾಸಿನಲ್ಲಿ ಒಂದು ಗಂಟೆ ಕೂತು ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೇ. ಬಂದು ಕೂತು ಕೇಳಿದರೆ ಮುಗಿಯಿತು ಅಂದುಕೊಂಡಿರುತ್ತಾರೆ.

ಇಲ್ಲಿ ಬರೆಯುತ್ತಿರುವುದು ಬಿಎ, ಬಿಕಾಂ ಥರದ ಉಪನ್ಯಾಸದ ಕ್ಲಾಸುಗಳ ಬಗ್ಗೆ. ಲ್ಯಾಬಿನ ಮಾತು ಬೇರೆ, ಅದನ್ನು ಬಿಎಸ್ಸಿಯವರು ಹೇಳಲಿ.

ಹಿಂದಿನ ರಾತ್ರಿ ಹತ್ತು ನಿಮಿಷ

ಮೊದಲು ಸಿಲಬಸ್ಸಿನ ಪ್ರತಿ ಇಟ್ಟುಕೊಳ್ಳಿ. ವಿಶ್ವವಿದ್ಯಾಲಯದ ಸಿಲಬಸ್ಸಿನಲ್ಲಿ ಪ್ರತಿ ಪೇಪರನ್ನೂ ಯೂನಿಟ್‌ಗಳಾಗಿ ಒಡೆದಿರುತ್ತಾರೆ. ಒಂದೊಂದು ಯೂನಿಟ್ಟಿಗೂ ಇಷ್ಟು ಗಂಟೆ ಅಂತ ಬರೆದಿರುತ್ತದೆ. ಅದನ್ನು ಜೆರಾಕ್ಸ್ ಮಾಡಿಸಿ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿ. ಇವತ್ತು ಯಾವ ಯೂನಿಟ್ಟು, ಎಲ್ಲಿಗೆ ಬಂತು ಅಂತ ಪ್ರತಿ ವಾರ ಟಿಕ್ ಹಾಕಿ. ಇಷ್ಟು ಮಾಡಿದವರಿಗೆ ಪಾಠ ಎತ್ತ ಹೋಗುತ್ತಿದೆ ಅನ್ನುವುದು ಗೊತ್ತಿರುತ್ತದೆ.

ಹಿಂದಿನ ರಾತ್ರಿ ಪುಸ್ತಕ ತೆರೆದು ಮರುದಿನದ ಪಾಠದ ತಲೆಬರಹಗಳನ್ನು ಮಾತ್ರ ಓದಿ. ಚಿತ್ರ, ಕೋಷ್ಟಕ ಇದ್ದರೆ ಕಣ್ಣಾಡಿಸಿ. ಪೂರ್ತಿ ಓದಲು ಹೋಗಬೇಡಿ, ನಿದ್ದೆ ಬರುತ್ತದೆ. ಗೊತ್ತಿಲ್ಲದ ನಾಲ್ಕೈದು ಪದ ಬರೆದುಕೊಳ್ಳಿ. ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಈ ಹತ್ತು ನಿಮಿಷ ಬಹಳ ಮುಖ್ಯ. ಕ್ಲಾಸಿನಲ್ಲಿ 'ಎಲಾಸ್ಟಿಸಿಟಿ' ಅಂದಾಗ ಅದು ನೀವು ಓದಿದ ಸ್ಥಿತಿಸ್ಥಾಪಕತೆಯೇ, ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವ ಅಳತೆ, ಅಂತ ಹೊಳೆಯಬೇಕು. ಅದು ಹೊಳೆಯುವಷ್ಟರಲ್ಲಿ ಮೇಷ್ಟ್ರು ಮೂರು ವಾಕ್ಯ ಮುಂದೆ ಹೋಗಿರುತ್ತಾರೆ. ಅದಕ್ಕೇ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಎರಡೂ ಭಾಷೆಯ ಹೆಸರು ಅಕ್ಕಪಕ್ಕ ಬರೆದಿಟ್ಟುಕೊಳ್ಳಿ. ಎರಡನೇ ಸೆಮಿಸ್ಟರ್ ಹೊತ್ತಿಗೆ ಆ ಪಟ್ಟಿಯ ಅಗತ್ಯವೇ ಬರುವುದಿಲ್ಲ.

ಎಲ್ಲಿ ಕೂರಬೇಕು

ಮುಂದಿನ ಮೂರು ಬೆಂಚು. ಇದರಲ್ಲಿ ಚೌಕಾಸಿ ಇಲ್ಲ. ಜೂನ್, ಜುಲೈಯಲ್ಲಿ ಮಳೆ ಹಿಡಿದರೆ ಶೀಟಿನ ಮಾಡಿನ ಕೆಳಗೆ ನಾಲ್ಕನೇ ಬೆಂಚಿನಾಚೆ ಯಾರ ಮಾತೂ ಕೇಳುವುದಿಲ್ಲ. ನನ್ನ ದನಿ ದೊಡ್ಡದೇ, ಆದರೂ ಜೋರು ಮಳೆ ಬಂದಾಗ ಪಾಠ ನಿಲ್ಲಿಸಿ ಬೋರ್ಡಿನ ಮೇಲೆ ಬರೆಯುತ್ತಾ ನಿಲ್ಲುತ್ತೇನೆ. ಹಿಂದಿನವರು ಆ ಹೊತ್ತಿನಲ್ಲಿ ಮೊಬೈಲು ತೆಗೆಯುತ್ತಾರೆ. ಕಿಟಕಿ ಪಕ್ಕವೂ ಬೇಡ. ಎರಚಲು ಹೊಡೆದು ನೋಟ್ಸ್ ಒದ್ದೆಯಾಗುತ್ತದೆ.

ಮೇಷ್ಟ್ರು ಯಾವ ಥರ ಅಂತ ನೋಡಿ

ಟೈಮ್‌ಟೇಬಲ್ಲಿನಲ್ಲಿ ಒಂದು ಗಂಟೆ ಅಂತಿದ್ದರೂ ಪಾಠ ನಡೆಯುವುದು ಮುಕ್ಕಾಲು ಗಂಟೆ. ಬೆಲ್ ಆಗಿ, ಹಿಂದಿನ ಕ್ಲಾಸಿನವರು ಹೊರಗೆ ಬಂದು, ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ಉಳಿದದ್ದು ಹೋಗಿರುತ್ತದೆ. ಆಮೇಲೆ "ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?" ಅನ್ನುತ್ತಾರೆ. ಇದನ್ನು ಸುಮ್ನೆ ಕೇಳಿದ್ದು ಅಂದುಕೊಂಡು ಎಲ್ಲರೂ ತಲೆ ತಗ್ಗಿಸುತ್ತಾರೆ. ನಾವು ನಿಜವಾಗಿಯೇ ಕೇಳುತ್ತಿರುತ್ತೇವೆ. ಒಂದೇ ಪಾಠವನ್ನು ಎ ಸೆಕ್ಷನ್ನಿಗೂ ಬಿ ಸೆಕ್ಷನ್ನಿಗೂ ಮಾಡುವಾಗ ಯಾರಿಗೆ ಎಲ್ಲಿಯವರೆಗೆ ಅನ್ನುವುದು ಕಲಸಿಹೋಗುತ್ತದೆ. ನೋಟ್‌ಬುಕ್ ನೋಡಿ ಒಂದು ಸಾಲು ಹೇಳಿಬಿಡಿ. ಬಾಯಿ ಬಿಡಲು ಹೆದರುವವರಿಗೆ ಇದಕ್ಕಿಂತ ಸುಲಭದ ಜಾಗ ಇಲ್ಲ. ಉತ್ತರ ನಿಮ್ಮ ಕೈಬರಹದಲ್ಲೇ ಎದುರಿಗಿದೆ, ಅಲ್ವಾ?

ಇನ್ನು ಪಾಠ ಮಾಡುವ ರೀತಿ. ನಮ್ಮ ಕಡೆ ಬರೆಸುವವರೇ ಜಾಸ್ತಿ. "ಪಾಯಿಂಟ್ ನಂಬರ್ ಒಂದು" ಅಂತ ಶುರುಮಾಡಿ ಬೆಲ್ ಆಗುವವರೆಗೂ ಬರೆಸುತ್ತಾರೆ. ನನಗೆ ಈ ಪದ್ಧತಿ ಇಷ್ಟವಿಲ್ಲ. ಬರೆಸಿದ್ದನ್ನೇ ಪರೀಕ್ಷೆಯಲ್ಲಿ ವಾಪಸ್ ಬರೆದು, ಮೂರು ತಿಂಗಳಿಗೆ ಮರೆಯುತ್ತಾರೆ. ಆದರೆ ಅಂಥ ಕ್ಲಾಸಿನಲ್ಲೂ ಒಂದು ಕೆಲಸ ಮಾಡಬಹುದು. ಎರಡು ಪಾಯಿಂಟ್‌ಗಳ ನಡುವೆ ಅವರು ತಲೆಯೆತ್ತಿ ಬಾಯಿಮಾತಿನಲ್ಲಿ ಏನೋ ಹೇಳುತ್ತಾರೆ. "ಅಂದ್ರೆ ಏನು, ಈಗ ನಮ್ಮ ಸೊಸೈಟಿಯಲ್ಲಿ ಸಾಲ ತಗೊಳ್ತೀವಿ ನೋಡಿ..." ಅಂತ. ಆಗ ಎಲ್ಲರೂ ಪೆನ್ನು ಕೆಳಗಿಟ್ಟು ಕೈ ಕೊಡವಿಕೊಳ್ಳುತ್ತಾರೆ. ನೀವು ಆಗಲೇ ಬರೆಯಬೇಕು. ಪೆನ್ಸಿಲಿನಲ್ಲಿ, ಪಕ್ಕದಲ್ಲಿ. ಬರೆಸಿದ್ದು ಎಲ್ಲರ ಹತ್ತಿರವೂ ಇರುತ್ತದೆ, ಈ ಮಾತು ಯಾವ ಗೈಡಿನಲ್ಲೂ ಸಿಗುವುದಿಲ್ಲ.

ಪಿಪಿಟಿ ಹಾಕುವವರ ಕ್ಲಾಸಿನಲ್ಲಿ ಇದರ ಉಲ್ಟಾ ತೊಂದರೆ. ಪರದೆಯ ಮೇಲಿರುವುದನ್ನೆಲ್ಲ ನಕಲು ಮಾಡಲು ಹೋಗಿ ಹೇಳಿದ್ದು ಕಿವಿಗೇ ಬೀಳುವುದಿಲ್ಲ. ಸ್ಲೈಡು ಆಮೇಲೆ ವಾಟ್ಸಾಪ್ ಗ್ರೂಪಿಗೆ ಬರುತ್ತದೆಯಾ ಅಂತ ಮೊದಲ ದಿನವೇ ಕೇಳಿಬಿಡಿ. ಬರುತ್ತದೆ ಅಂದರೆ ಸ್ಲೈಡಿನಲ್ಲಿ ಇಲ್ಲದ್ದನ್ನು ಮಾತ್ರ ಬರೆಯಿರಿ.

ಮಾತಾಡುತ್ತಾ ಹೋಗುವ ಮೇಷ್ಟ್ರು ಇನ್ನೊಂದು ಥರ. ಒಂದು ವಿಷಯದಿಂದ ಇನ್ನೊಂದಕ್ಕೆ, ಅಲ್ಲಿಂದ ಇಂದಿರಾ ಗಾಂಧಿ ಕಾಲದ ಬ್ಯಾಂಕ್ ರಾಷ್ಟ್ರೀಕರಣಕ್ಕೆ ಹೋಗಿ, ಬೆಲ್ ಆಗುವ ಹೊತ್ತಿಗೆ ಮತ್ತೆ ಮೊದಲ ವಿಷಯಕ್ಕೆ ಬರುತ್ತಾರೆ. ಕೇಳಲು ಸೊಗಸು. ಮನೆಗೆ ಹೋಗಿ ನೋಡಿದರೆ ಪುಟ ಖಾಲಿ. ಇವರ ಕ್ಲಾಸಿನಲ್ಲಿ ಸುಳಿವು ಹಿಡಿಯಬೇಕು. "ಇದಕ್ಕೆ ಮೂರು ಕಾರಣ" ಅಂದ ಕೂಡಲೇ ಒಂದು, ಎರಡು, ಮೂರು ಅಂತ ಅಂಕಿ ಹಾಕಿಟ್ಟುಕೊಳ್ಳಿ. ಎರಡು ಹೇಳಿ ಮೂರನೆಯದನ್ನು ಮರೆತರೆ, "ಸರ್, ಮೂರನೇ ಕಾರಣ?" ಅಂತ ಕೇಳಿ. ಖುಷಿಪಡುತ್ತಾರೆ. ನಂಬಿ.

ಬೋರ್ಡು ತುಂಬಿಸುವವರ ಕ್ಲಾಸಿನಲ್ಲಿ ಅವರ ಜೊತೆಜೊತೆಗೇ ಬರೆಯಿರಿ. ರೇಖಾಚಿತ್ರ ಇದ್ದರೆ ಯಾವ ಗೆರೆ ಮೊದಲು ಬಂತು, ಯಾವುದು ಆಮೇಲೆ ಅಂತ ಗೆರೆಗಳ ಪಕ್ಕ ಅಂಕಿ ಹಾಕಿ. ಪೂರ್ತಿಯಾದ ಚಿತ್ರದ ಫೋಟೋ ತೆಗೆದರೆ ಆ ಕ್ರಮ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಎಲ್ಲಿಂದ ಶುರುಮಾಡುವುದು ಅಂತ ಗೊತ್ತಾಗದೆ ಒದ್ದಾಡುವವರು ಹೆಚ್ಚಾಗಿ ಫೋಟೋದವರೇ.

ಪುಟವನ್ನು ಹೀಗೆ ಭಾಗ ಮಾಡಿ

ಪುಟದ ಎಡಗಡೆ ನಾಲ್ಕು ಬೆರಳಷ್ಟು ಜಾಗ ಬಿಟ್ಟು ಗೆರೆ ಎಳೆಯಿರಿ. ಕೆಳಗೆ ಐದಾರು ಸಾಲು ಬಿಡಿ. ಬಲಗಡೆಯ ದೊಡ್ಡ ಜಾಗದಲ್ಲಿ ಕ್ಲಾಸಿನ ನೋಟ್ಸ್. ಎಡಗಡೆಯದು ಕ್ಲಾಸ್ ಮುಗಿದ ಮೇಲೆ ನೀವೇ ಹಾಕಿಕೊಳ್ಳುವ ಪ್ರಶ್ನೆಗಳಿಗೆ. ಕೆಳಗೆ ಇವತ್ತಿನ ಪಾಠ ಎರಡು ಸಾಲಿನಲ್ಲಿ. ಈ ಪದ್ಧತಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ಪಾಕ್ ಎಂಬವರದ್ದು. ಕಳೆದ ಶತಮಾನದ ನಡುವಿನಿಂದ ಜಗತ್ತಿನ ಎಷ್ಟೋ ಕಾಲೇಜುಗಳಲ್ಲಿ ಬಳಕೆಯಲ್ಲಿದೆ.

ಉದಾಹರಣೆಗೆ ಬಲಗಡೆ ಹೀಗಿದೆ ಅಂದುಕೊಳ್ಳಿ: "ಬೆಲೆ 10% ಏರಿತು, ಬೇಡಿಕೆ 2% ಇಳಿಯಿತು. ಸ್ಥಿತಿಸ್ಥಾಪಕತೆ 0.2. ಒಂದಕ್ಕಿಂತ ಕಡಿಮೆ. ಉಪ್ಪು, ಔಷಧಿ." ಎಡಗಡೆ ನೀವು ಬರೆಯಬೇಕಾದ್ದು: "ಉಪ್ಪಿನ ಬೆಲೆ ಏರಿದರೂ ಯಾಕೆ ಕೊಳ್ಳುವುದು ಬಿಡಲ್ಲ? 0.2 ಹೇಗೆ ಬಂತು?" ಓದುವಾಗ ಬಲಗಡೆ ಕೈಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿಕೊಳ್ಳಿ.

ಇದನ್ನು ಅದೇ ದಿನ ಮಾಡಬೇಕು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ತಾನೇ ಉರುಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಲೆಕ್ಕ ಇಟ್ಟ. 1885ರಲ್ಲಿ ಅದನ್ನು ಪ್ರಕಟಿಸಿದ. ಒಂದು ಗಂಟೆಯೊಳಗೇ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಪಾಠಕ್ಕೆ ಅರ್ಥವಿರುವುದರಿಂದ ನಿಮ್ಮದು ಅಷ್ಟು ಬೇಗ ಹೋಗಲಿಕ್ಕಿಲ್ಲ. ಆದರೂ ವಾರ ಬಿಟ್ಟು ನೋಡಿದರೆ ನಿಮ್ಮ ನೋಟ್ಸ್ ನಿಮಗೇ ಬೇರೆ ಯಾರದ್ದೋ ಅನ್ನಿಸುತ್ತದೆ. ಬಸ್ಸಿನವರಿಗೆ ಇದಕ್ಕೆ ಒಳ್ಳೆ ಹೊತ್ತು ಸಿಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹೊರಡುವ ಮುಂಚೆ ಎಡಗಡೆಯ ಪ್ರಶ್ನೆ ಬರೆದುಬಿಡಿ. ಮಂಡಗದ್ದೆ ದಾಟಿದ ಮೇಲೆ ತಿರುವಿನಲ್ಲಿ ಪುಸ್ತಕ ನೋಡಿದರೆ ತಲೆ ಸುತ್ತುತ್ತದೆ ಅನ್ನುವವರು ಪುಸ್ತಕ ಮುಚ್ಚಿ ಉತ್ತರ ನೆನಪಿಸಿಕೊಳ್ಳಿ.

ಪ್ರಶ್ನೆ ಕೇಳುವುದು

ಇದೇ ನಮ್ಮ ಮಕ್ಕಳಿಗೆ ದೊಡ್ಡ ಕಷ್ಟ. ಪಾಠ ಮುಗಿಸಿ "ಡೌಟ್ ಇದೆಯಾ?" ಅಂದರೆ ಇಡೀ ಕ್ಲಾಸು "ಇಲ್ಲ ಮೇಡಂ" ಅನ್ನುತ್ತದೆ. ಅರ್ಥವಾಯಿತಾ ಅಂದರೆ "ಹ್ಞೂ". ಮನೆಯಲ್ಲಿ ದೊಡ್ಡವರ ಮಾತಿಗೆ ಹ್ಞೂಗುಟ್ಟಿ ಬೆಳೆದವರು, ಇಲ್ಲಿ ಒಮ್ಮೆಗೇ ಎದ್ದು ಕೇಳು ಅಂದರೆ ಹೇಗೆ ಕೇಳುತ್ತಾರೆ?

ಮೇಷ್ಟ್ರುಗಳ ತಪ್ಪೂ ಇದೆ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಶಾಲೆಯ ತರಗತಿಗಳಲ್ಲಿ ಇದನ್ನು ಅಳೆದಿದ್ದರು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುವುದು ಸುಮಾರು ಒಂದು ಸೆಕೆಂಡು ಮಾತ್ರ. ಮೂರು ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಮಾತಾಡುತ್ತಾರೆ. ನಾನು ಈಗ ಪ್ರಶ್ನೆ ಕೇಳಿ ಡಸ್ಟರ್ ತೆಗೆದುಕೊಂಡು ಬೋರ್ಡಿನ ಒಂದು ಮೂಲೆ ಒರೆಸುತ್ತೇನೆ. ಒರೆಸುವಂಥದ್ದು ಏನೂ ಇರುವುದಿಲ್ಲ, ಬಾಯಿ ಮುಚ್ಚಿಕೊಂಡಿರಲು ಅದೊಂದು ಉಪಾಯ. ನಿಮ್ಮ ಮೇಷ್ಟ್ರು ಕಾಯದಿದ್ದರೆ ನೀವು ಮಾಡಬೇಕಾದ್ದು ಇಷ್ಟು: ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಉತ್ತರದ ಒಂದು ಪದ ಮಾರ್ಜಿನಿನಲ್ಲಿ ಗೀಚಿ. ಸರಿಯೋ ತಪ್ಪೋ ಆಮೇಲೆ. ಬರೆದದ್ದು ಎದುರಿಗಿದ್ದರೆ ಅದನ್ನು ಓದುವುದಷ್ಟೇ ಬಾಕಿ.

ಡೌಟ್ ಕೇಳುವಾಗ "ಅರ್ಥ ಆಗ್ಲಿಲ್ಲ ಮೇಡಂ" ಅಂದರೆ ನನಗೂ ದಾರಿ ತೋಚುವುದಿಲ್ಲ. ಮತ್ತೆ ಮೊದಲಿಂದ ಅದೇ ಮಾತು ಹೇಳುತ್ತೇನೆ, ನಿಮಗೆ ಮತ್ತೆ ಅರ್ಥವಾಗುವುದಿಲ್ಲ. ಎಲ್ಲಿಯವರೆಗೆ ತಿಳಿಯಿತು ಅನ್ನುವುದನ್ನು ಮೊದಲು ಹೇಳಿ. "ಸರ್, ಎರಡನೇ ಸಾಲಿನವರೆಗೂ ಗೊತ್ತಾಯ್ತು. ಈ ಮೈನಸ್ ಎಲ್ಲಿಂದ ಬಂತು?" ಹೀಗೆ ಕೇಳಿದರೆ ಅರ್ಧ ನಿಮಿಷದಲ್ಲಿ ಬಗೆಹರಿಯುತ್ತದೆ. ಇಂಗ್ಲಿಷಿನಲ್ಲೇ ಕೇಳಬೇಕು ಅಂತ ಎಲ್ಲೂ ಬರೆದಿಲ್ಲ. ಇಂಗ್ಲಿಷಿನಲ್ಲಿ ನಡೆಯುವ ಕ್ಲಾಸಿನಲ್ಲೂ ಕನ್ನಡದಲ್ಲಿ ಕೇಳಿ. ಮೇಷ್ಟ್ರೂ ಇಲ್ಲಿಯವರೇ.

ಒಂದು ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಬೋರ್ಡಿನ ಮೇಲೆ ಪೂರೈಕೆ ರೇಖೆ ಎಳೆದಿದ್ದೆ. ಬೆಲೆ ಏರಿದರೆ ಪೂರೈಕೆ ಏರುತ್ತದೆ, ಗೆರೆ ಎಡದಿಂದ ಬಲಕ್ಕೆ ಮೇಲೆ ಹೋಗುತ್ತದೆ. ತೀರ್ಥಹಳ್ಳಿ ಬಸ್ಸಿನ ಒಬ್ಬಳು, ಅಲ್ಲಿಯವರೆಗೆ ಮಾತೇ ಆಡದವಳು, ಕೂತಲ್ಲಿಂದಲೇ ಕೇಳಿದಳು: "ಮೇಡಂ, ಅಡಿಕೆಗೆ ಇದು ಹೆಂಗೆ ಸರಿಹೋಗುತ್ತೆ? ರೇಟು ಬಂತು ಅಂತ ಈ ವರ್ಷವೇ ಜಾಸ್ತಿ ಬೆಳೆಯೋಕೆ ಆಗಲ್ಲ. ಸಸಿ ಇಟ್ಟು ಫಸಲು ಬರೋಕೆ ಐದಾರು ವರ್ಷ ಬೇಕಲ್ಲ?"

ನಾನು ಉತ್ತರ ಹೇಳುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬ, "ಅಟ್ಟದ ಮೇಲಿರೋ ಅಡಿಕೆ ಲೆಕ್ಕ ಇಲ್ವಾ? ರೇಟು ಬಂದಾಗ ಅದನ್ನ ಮಂಡಿಗೆ ಹಾಕ್ತಾರೆ" ಅಂದ. ಇನ್ನೊಬ್ಬಳು, "ನಮ್ಮನೇಲಿ ಆಗಲೂ ಹಾಕಲ್ಲ. ಇನ್ನೂ ಏರುತ್ತೆ ಅಂತ ನಮ್ಮ ದೊಡ್ಡಪ್ಪ ಕಾಯ್ತಾರೆ" ಅಂದಳು. ಕ್ಲಾಸೆಲ್ಲ ನಕ್ಕಿತು.

ನನಗೆ ಬೇಕಾದ್ದೆಲ್ಲ ಆ ಮೂರು ಮಾತಿನಲ್ಲೇ ಬಂದಿತ್ತು. ಮೊದಲನೆಯದು ಅಲ್ಪಾವಧಿ, ದೀರ್ಘಾವಧಿಯ ವ್ಯತ್ಯಾಸ. ಈ ವರ್ಷದ ಮಟ್ಟಿಗೆ ತೋಟದ ಫಸಲಿನ ರೇಖೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ, ಹತ್ತು ವರ್ಷದ ಲೆಕ್ಕದಲ್ಲಿ ಓರೆಯಾಗುತ್ತದೆ. ಎರಡನೆಯದು ದಾಸ್ತಾನು ಮತ್ತು ಪೂರೈಕೆ ಒಂದೇ ಅಲ್ಲ ಅನ್ನುವುದು. ಮೂರನೆಯದು ಬೆಲೆಯ ನಿರೀಕ್ಷೆ. ನಾಳೆ ಇನ್ನೂ ಏರುತ್ತದೆ ಅನ್ನಿಸಿದರೆ ಇವತ್ತು ಬೆಲೆ ಏರಿದರೂ ಮಾಲು ಹೊರಗೆ ಬರುವುದಿಲ್ಲ. ಪುಸ್ತಕದಲ್ಲಿ ಇವು ಮೂರು ಬೇರೆ ಬೇರೆ ಕಡೆ ಇವೆ. ಆಮೇಲೆ ರಾಶಿ, ಬೆಟ್ಟೆ, ಸರಕು, ಗೊರಬಲು ಅನ್ನುವ ಅಡಿಕೆಯ ಬಗೆಗಳಿಗೆ ಬೇರೆ ಬೇರೆ ಧಾರಣೆ ಯಾಕೆ ಅಂತ ಇನ್ನೊಬ್ಬ ಶುರುಮಾಡಿದ. ಅಷ್ಟರಲ್ಲಿ ಬೆಲ್ ಆಯಿತು.

ಆ ಹುಡುಗಿ ಮಾಡಿದ್ದೇನು ನೋಡಿ. ಬೋರ್ಡಿನ ಒಂದು ಮಾತನ್ನು ತನ್ನ ಮನೆಯ ತೋಟದ ಪಕ್ಕ ಇಟ್ಟು ನೋಡಿದಳು. ಹೊಂದಲಿಲ್ಲ, ಕೇಳಿದಳು. ನಿಮಗೆ ತೋಟ ಇಲ್ಲದಿದ್ದರೆ ಅಂಗಡಿ ಇರುತ್ತದೆ, ಆಟೋ ಇರುತ್ತದೆ, ಅಮ್ಮನ ಸ್ವಸಹಾಯ ಸಂಘ ಇರುತ್ತದೆ. ಇತಿಹಾಸದವರಿಗೆ ಇಕ್ಕೇರಿ, ಕೆಳದಿ ಹತ್ತಿರದಲ್ಲೇ ಇವೆ. ಸಮಾಜಶಾಸ್ತ್ರದವರಿಗೆ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮುಳುಗಡೆಯಾಗಿ ಎದ್ದು ಬಂದ ಮನೆಯವರು ಕ್ಲಾಸಿನಲ್ಲೇ ಒಬ್ಬರಾದರೂ ಸಿಗುತ್ತಾರೆ.

ಬೆಲ್ಲಿಗೆ ಎರಡು ನಿಮಿಷ ಇರುವಾಗ ಉದ್ದದ ಪ್ರಶ್ನೆ ತೆಗೆಯಬೇಡಿ. ಬಸ್ಸು ತಪ್ಪುವವರು ನಿಮ್ಮನ್ನು ಶಪಿಸುತ್ತಾರೆ. ಮೇಷ್ಟ್ರನ್ನು ಸಿಕ್ಕಿಸಲೆಂದು ಕೇಳುವ ಪ್ರಶ್ನೆಯೂ ಬೇಡ. ಅದು ಹೇಗೂ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದರೆ ಸಿಡುಕುವವರೂ ಇದ್ದಾರೆ. ನಾನು ಓದುವಾಗ ಒಬ್ಬರಿದ್ದರು. "ಪುಸ್ತಕ ಓದಿದ್ರೆ ಗೊತ್ತಾಗ್ತಿತ್ತು, ಕೂತ್ಕೊ" ಅನ್ನುತ್ತಿದ್ದರು. ಅವರನ್ನೇ ಕಾರಿಡಾರಿನಲ್ಲಿ ಒಬ್ಬರೇ ಸಿಕ್ಕಾಗ ಕೇಳಿದರೆ ಕಂಬಕ್ಕೆ ಒರಗಿ ಇಪ್ಪತ್ತು ನಿಮಿಷ ಹೇಳುತ್ತಿದ್ದರು. ಕೆಲವರಿಗೆ ಗುಂಪಿನ ಎದುರು ತಡೆದರೆ ಸರಿಬರುವುದಿಲ್ಲ. ಅಂಥವರಿಗೆ ಕಾರಿಡಾರೇ ಸರಿ.

ಪಕ್ಕದವರ ಜೊತೆ ಮಾತಾಡಿ ಅಂದಾಗ

ಈಗೀಗ ಕೆಲವು ಮೇಷ್ಟ್ರು ಪಾಠ ನಿಲ್ಲಿಸಿ, "ಪಕ್ಕದವರ ಜೊತೆ ಎರಡು ನಿಮಿಷ ಚರ್ಚೆ ಮಾಡಿ" ಅನ್ನುತ್ತಾರೆ. ಹಾರ್ವರ್ಡಿನ ಭೌತಶಾಸ್ತ್ರದ ಪ್ರೊಫೆಸರ್ ಎರಿಕ್ ಮಜೂರ್ 1990ರ ದಶಕದಲ್ಲಿ ಹೆಸರಾಗಿಸಿದ ಕ್ರಮ ಇದು. ಒಂದು ಪ್ರಶ್ನೆ, ನಾಲ್ಕು ಉತ್ತರ. ಮೊದಲು ಒಬ್ಬೊಬ್ಬರೇ ಒಂದನ್ನು ಆರಿಸಬೇಕು, ಆಮೇಲೆ ಪಕ್ಕದವರ ಜೊತೆ ವಾದ ಮಾಡಿ ಮತ್ತೆ ಆರಿಸಬೇಕು. ಅಲ್ಲಿ ಯಂತ್ರದ ಬಟನ್ ಒತ್ತುತ್ತಾರಂತೆ. ನನ್ನ ಕ್ಲಾಸಿನಲ್ಲಿ ಎದೆಯ ಹತ್ತಿರ ಬೆರಳು ತೋರಿಸುತ್ತಾರೆ, ಪಕ್ಕದವರಿಗೆ ಕಾಣದ ಹಾಗೆ.

ಆ ಎರಡು ನಿಮಿಷದಲ್ಲಿ ಊರಿನ ಸುದ್ದಿ ಮಾತಾಡಬೇಡಿ. ನಿಮ್ಮದು ಎರಡು, ಅವರದ್ದು ಮೂರು ಆದರೆ, ಯಾಕೆ ಮೂರು ಅಂತ ಅವರ ಬಾಯಿಂದ ಪೂರ್ತಿ ಕೇಳಿ. ಆಮೇಲೆ ನಿಮ್ಮದು ಹೇಳಿ. ಜಾಣರ ಉತ್ತರ ಅಂತ ಸುಮ್ನೆ ಬದಲಾಯಿಸಬೇಡಿ.

ಇಂಥ ಕ್ಲಾಸಿನ ಬಗ್ಗೆ ದೂರು ಬರುತ್ತದೆ. "ಮೇಡಂ ಪಾಠ ಮಾಡಲ್ಲ, ನಮ್ಮ ಕೈಲೇ ಮಾಡಿಸ್ತಾರೆ" ಅಂತ. ಹಾರ್ವರ್ಡಿನಲ್ಲೇ ಭೌತಶಾಸ್ತ್ರದ ವಿದ್ಯಾರ್ಥಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲೂ ಹೀಗೇ ಆಗಿತ್ತು. ತಾವೇ ಲೆಕ್ಕ ಬಿಡಿಸಿ, ಚರ್ಚಿಸಿ ಕಲಿತವರು ಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆದರು. ಆದರೆ ತಾವು ಕಲಿತದ್ದು ಕಡಿಮೆ ಅಂತ ಅವರೇ ಹೇಳಿದ್ದರು. ಚೆನ್ನಾಗಿ ಮಾತಾಡುವವರ ಉಪನ್ಯಾಸ ಕೇಳಿದವರಿಗೆ ಎಲ್ಲ ಗೊತ್ತಾಯಿತು ಅನ್ನಿಸಿತ್ತು, ಅಂಕ ಮಾತ್ರ ಕಡಿಮೆ ಬಂತು. ಹಾಗಾಗಿ ಕ್ಲಾಸಿನಲ್ಲಿ ತಲೆ ಬಿಸಿಯಾದರೆ ಕೂಡಲೇ ದೂರು ಕೊಡಬೇಡಿ, ಒಂದು ಟೆಸ್ಟ್ ಆಗಲಿ.

ಸೆಮಿನಾರ್

ಇಂಟರ್ನಲ್ಸ್‌ಗಾಗಿ ಸೆಮಿನಾರ್ ಕೊಡುತ್ತಾರೆ. ಹಾಳೆ ನೋಡಿ ಓದಬೇಡಿ. ಒಂದು ಉದಾಹರಣೆಯಿಂದ ಶುರುಮಾಡಿ, ಮೂರು ಮಾತು ಹೇಳಿ, ಕೂತುಕೊಳ್ಳಿ. ಬೇರೆಯವರ ಸೆಮಿನಾರಿಗೆ ಒಂದು ಪ್ರಶ್ನೆ ಇಟ್ಟುಕೊಂಡಿರಿ. ನಿಮ್ಮ ಸರದಿಗೆ ಅವರೂ ಕೇಳುತ್ತಾರೆ.

ಕ್ಲಾಸ್ ತಪ್ಪಿದರೆ

ನಮ್ಮ ಕಡೆ ಕ್ಲಾಸ್ ತಪ್ಪುವುದಕ್ಕೆ ಕಾರಣ ಬೇಕಾದಷ್ಟಿವೆ. ಮಳೆಗೆ ಮರ ಬಿದ್ದು ಬಸ್ಸು ಬರಲಿಲ್ಲ. ಅಡಿಕೆ ಕೊಯ್ಲಿನ ಸಮಯ, ಸುಲಿಯಲು ಜನ ಇಲ್ಲ. ಪರೀಕ್ಷೆಗೆ ಕೂರಲು 75% ಹಾಜರಿ ಬೇಕು ಅನ್ನುವುದನ್ನು ನೆನಪಿಟ್ಟು, ಕೊಯ್ಲಿಗೆ ಎಷ್ಟು ದಿನ ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಮೊದಲೇ ಬಂದು ಹೇಳಿದವರಿಗೆ ಮೇಷ್ಟ್ರು ಸಾಮಾನ್ಯವಾಗಿ ಬೈಯುವುದಿಲ್ಲ.

ತಪ್ಪಿದ ಕ್ಲಾಸಿನ ನೋಟ್ಸನ್ನು ಒಬ್ಬರದ್ದೇ ಜೆರಾಕ್ಸ್ ಮಾಡಬೇಡಿ. ಇಬ್ಬರದ್ದು ತೆಗೆದುಕೊಂಡು ಪಕ್ಕಪಕ್ಕ ಇಟ್ಟು ಓದಿ. ಒಬ್ಬರು ಬಿಟ್ಟದ್ದು ಇನ್ನೊಬ್ಬರಲ್ಲಿ ಇರುತ್ತದೆ. ಇಬ್ಬರಲ್ಲೂ ಬೇರೆ ಬೇರೆ ಇದ್ದರೆ ಅದೇ ನಿಮ್ಮ ಡೌಟು. ಅದನ್ನು ಹಿಡಿದುಕೊಂಡು ಸ್ಟಾಫ್ ರೂಮಿಗೆ ಬನ್ನಿ. ಬರಿಗೈಯಲ್ಲಿ ಬಂದು "ಮೇಡಂ, ಹೋದ ವಾರದ್ದೆಲ್ಲ ಹೇಳಿ" ಅಂದರೆ ಆಗುವುದಿಲ್ಲ. ಊಟದ ಬೆಲ್ಲಿನ ಮೊದಲ ಹತ್ತು ನಿಮಿಷ ಬಿಟ್ಟು ಬನ್ನಿ, ನಾವೂ ಡಬ್ಬಿ ತೆರೆದಿರುತ್ತೇವೆ. ಇಂಟರ್ನಲ್ಸ್ ಹಿಂದಿನ ದಿನ ಬಂದರೆ ಬಾಗಿಲಿನವರೆಗೂ ಸಾಲು ಇರುತ್ತದೆ, ಆವತ್ತು ನಿಮ್ಮ ಪಾಲಿಗೆ ಸಿಗುವುದು ಒಂದು ಪ್ರಶ್ನೆ ಮಾತ್ರ.